ಅರಗಿನ ಕೆಳಗೆ

ಎರಡು ಪಾಲಿಗೆ ಒಂದು ಪಾಲು ಬೆರೆಸಿ ಮೂರು ನಿಮಿಷ ಕಲಕಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಅವನು ಐದು ನಿಮಿಷದಿಂದ ಕಲಕುತ್ತಲೇ ಇದ್ದ. ಹಳೆಯ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಪ್ಪನೆಯ ಅರಗು ಮಂದವಾಗಿ ತಿರುಗುತ್ತಿತ್ತು. ಬಟ್ಟಲಿನ ತಳ ಆಗಲೇ ಕೈಗೆ ಬೆಚ್ಚಗಾಗತೊಡಗಿತ್ತು. ಇನ್ನು ತಡಮಾಡಿದರೆ ಅಲ್ಲೇ ಕಲ್ಲಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ತಾಂತ್ರಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಥದ್ದನ್ನೇ ಕಲಿಸುತ್ತ ಬಂದವನು. ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಗಿಟಾರ್ ಆಂಪ್ಲಿಫೈಯರಿನ ತಗಡಿನ ಒಳಗೂಡನ್ನು ಬೋರಲು ಮಲಗಿಸಿದ್ದ. ಅದರ ಮರದ ಪೆಟ್ಟಿಗೆ ಮಂಚದ ಪಕ್ಕದಲ್ಲಿತ್ತು. ಗಾಜಿನ ನಾಲ್ಕು ವಾಲ್ವುಗಳನ್ನು ಒಂದೊಂದು ಕಾಲುಚೀಲದೊಳಗೆ ತೂರಿಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಒಳಗೂಡಿನ ನಡುವೆ ಅಂಗೈಯಗಲದ ಜಾಗದಲ್ಲಿ ಬಿಡಿಭಾಗಗಳೆಲ್ಲ ಬೆತ್ತಲೆಯಾಗಿ ಕಾಣುತ್ತಿದ್ದವು. ಹದಿನೈದು ದಿನದ ಕೆಳಗೆ ಅವುಗಳ ಮೇಲೆ ಗಟ್ಟಿಯಾದ ಕಪ್ಪು ಅರಗಿನ ಹೊದಿಕೆ ಇತ್ತು. ಅದನ್ನು ಕೆರೆದು ತೆಗೆದವನು ಅವನೇ, ಈಗ ಮತ್ತೆ ಹುಯ್ಯಲು ಹೊರಟವನೂ ಅವನೇ. ಸಂಜೆ ನಾಲ್ಕಕ್ಕೆ ಹಳೆಯ ಶಿಷ್ಯನೊಬ್ಬನ ಗಿಟಾರ್ ಅಂಗಡಿಯಲ್ಲಿ ಎಲ್ಲರೂ ಕಾಯುತ್ತಿರುತ್ತಾರೆ, ಅರಗಿನ ಕೆಳಗೆ ಏನಿತ್ತು ಎಂದು ಕೇಳಲು. ಅಲ್ಲಿ ಏನಿರಲಿಲ್ಲ ಎಂಬುದನ್ನು ಹೇಳುವುದು ಹೇಗೆ ಎಂದು ಐದು ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಏನ್ರೀ ಈ ವಾಸನೆ, ಮನೆಯೆಲ್ಲ ನಮ್ಮ ವಾರ್ಡ್ ಥರ ಆಗಿದೆ," ಎನ್ನುತ್ತ ಹೆಂಡತಿ ಬಾಗಿಲಲ್ಲಿ ನಿಂತಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಇವತ್ತು ಮಧ್ಯಾಹ್ನದ ಪಾಳಿ.

"ಕಿಟಕಿ ತೆಗ್ದಿದ್ದೀನಿ."

"ಮತ್ತೆ ಅದನ್ನೇ ಹಾಕ್ತಿದ್ದೀರಾ? ತೆಗೆಯೋಕೆ ಮೂರು ದಿನ ಒದ್ದಾಡಿದ್ರಲ್ಲ."

"ಧೂಳು ಕೂರಬಾರದು ಅಂತ."

"ಧೂಳು," ಎಂದಳು ಅವಳು. ನೋವಿಲ್ಲ ಎಂದು ಹೇಳುವ ರೋಗಿಯನ್ನು ನೋಡುವಂತೆ ಒಂದು ಗಳಿಗೆ ನೋಡಿ ಒಳಗೆ ಹೋದಳು. ಅವನು ಬಟ್ಟಲನ್ನು ವಾಲಿಸಿದ. ನಿಜ ಹೇಳಬೇಕೆಂದರೆ ಇದು ಅರಗೇ ಅಲ್ಲ, ಎರಡು ಡಬ್ಬಿಯಿಂದ ಬೆರೆಸುವ ಅಂಟು. ಅರಗು ಎಂದು ಹೆಸರಿಟ್ಟವನು ಅವನು. ಅದನ್ನು ಮೊದಲು ಹುಯ್ದ ಮನುಷ್ಯನಿಗೆ ಅರಗಪ್ಪ ಎಂದು ಹೆಸರಿಟ್ಟವನೂ ಅವನೇ. ಗಿಟಾರ್ ಬಾರಿಸುವವರ ಸಣ್ಣ ಲೋಕದಲ್ಲಿ ಆ ಹೆಸರು ಎಷ್ಟು ಚೆನ್ನಾಗಿ ಅಂಟಿಕೊಂಡಿತೆಂದರೆ, ಆ ಮನುಷ್ಯನ ನಿಜವಾದ ಹೆಸರು ಕೇಳಿದರೆ ಈಗಿನ ಹುಡುಗರು ಯಾರು ಅದು ಎನ್ನುತ್ತಾರೆ. ಒಂದು ಕಾಲದಲ್ಲಿ ಒಂದೇ ರೇಡಿಯೋ ವರ್ಕ್‌ಶಾಪಿನಲ್ಲಿ, ಒಂದೇ ಬೆಂಚಿನ ಎರಡು ತುದಿಗೆ ಕೂತು ಕೆಲಸ ಮಾಡಿದ ಜೊತೆಗಾರ. ಇವನು ಶಾಲೆ ಸೇರಿದ ಮೇಲೆ ಜೊತೆಗಾರ ತನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಕೂತು ಗಿಟಾರ್ ಆಂಪ್‌ಗಳನ್ನು ಕಟ್ಟತೊಡಗಿದ. ಕಾರ್ಖಾನೆಯ ಮಾಲಲ್ಲ, ಒಬ್ಬನ ಕೈಗೆಲಸ. ಬಲ್ಲವರು ತಿಂಗಳುಗಟ್ಟಲೆ ಕಾದು ತೆಗೆದುಕೊಳ್ಳುತ್ತಿದ್ದರು. ಹತ್ತೊಂಬತ್ತು ಮಾಡಿದ, ಇಪ್ಪತ್ತನೆಯದು ಆಗಲಿಲ್ಲ. ಯಾಕಾಗಲಿಲ್ಲ ಎಂದು ಇವನಿಗೆ ಗೊತ್ತು. ತನ್ನ ಹೆಂಡತಿಗೂ ಗೊತ್ತಿದೆಯೆಂದು ಇವನ ಗುಮಾನಿ.

ಅರಗು ದಾರದಂತೆ ಎಳೆಎಳೆಯಾಗಿ ಇಳಿದು ಮೊದಲ ರೆಸಿಸ್ಟರನ್ನು ಮುಚ್ಚಿತು. ಅಂಚಿನಿಂದ ಸೋರಿ ಬೆರಳಿಗೆಲ್ಲ ಮೆತ್ತಿಕೊಂಡಿತು. ಈ ಆಂಪನ್ನು ಅವನಿಗೆ ಮಾರಿದ್ದು ಹೋಟೆಲಿನ ಗಿಟಾರಿನವರೊಬ್ಬರು. ಮೂವತ್ತು ವರ್ಷ ಹೋಟೆಲಿನ ಬ್ಯಾಂಡಿನಲ್ಲಿ ಬಾರಿಸಿದವರು, ಈಗ ಎಡಗೈಯ ಎರಡು ಬೆರಳು ಮಡಚಲು ಬರುವುದಿಲ್ಲ, ಅದಕ್ಕೇ ಮಾರಲು ಹೊರಟಿದ್ದರು. ಅವರ ಮನೆಯ ನಡುಕೋಣೆಯಲ್ಲಿ ಈ ಪೆಟ್ಟಿಗೆಯ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಒಂದು ಹೂದಾನಿ ಇಟ್ಟಿದ್ದರು. ಹೂದಾನಿ ತೆಗೆದು, ಬಟ್ಟೆ ಮಡಚಿ, ಸ್ವಿಚ್ ಒತ್ತಿ, ವಾಲ್ವುಗಳು ಬಿಸಿಯಾಗುವವರೆಗೂ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು.

"ನೀವು ಅಂತ ಕೊಡ್ತಿದ್ದೀನಿ ಮೇಷ್ಟ್ರೇ," ಎಂದರು ಗಿಟಾರಿನವರು. "ಬೇರೆಯೋರಾದ್ರೆ ತಗೊಂಡು ಹೋಗಿ ಮೊದಲು ಬಿಚ್ಚಿ ನೋಡ್ತಾರೆ. ಮಾಡಿದೋರು ನನ್ನ ಹತ್ರ ಒಂದೇ ಒಂದು ಮಾತು ತಗೊಂಡಿದ್ರು. ಏನೇ ಕೆಟ್ರೂ ಅವರ ಹತ್ರಾನೇ ತರಬೇಕು, ಇನ್ನೊಬ್ರು ಕೈ ಹಾಕಬಾರದು ಅಂತ."

"ನಾನ್ಯಾಕೆ ಬಿಚ್ಚಲಿ," ಎಂದಿದ್ದ ಅವನು. ಆಮೇಲೆ, ಯಾರೂ ಕೇಳದೇ ಇದ್ದರೂ, "ಮಗಳಿಗೆ ಅಂತ ತಗೋತಿರೋದು. ಗಿಟಾರ್ ಕಲೀತಿದ್ದಾಳೆ" ಎಂದೂ ಸೇರಿಸಿದ್ದ.

ಅವನಿಗೆ ಮಕ್ಕಳಿಲ್ಲ. ಆ ಮಾತು ಎಲ್ಲಿಂದ ಬಾಯಿಗೆ ಬಂತೋ ದೇವರಿಗೇ ಗೊತ್ತು. ಗಿಟಾರಿನವರ ಮುಖ ಅರಳಿತು. ಡ್ರಾಯರ್ ತೆಗೆದು, ಎಡಗೈಯ ಸರಿಯಿದ್ದ ಮೂರು ಬೆರಳಿನಲ್ಲೇ ತಡಕಾಡಿ, ತಂತಿ ಮೀಟುವ ಬಿಲ್ಲೆಗಳು ಐದಾರನ್ನು ಆರಿಸಿ, ಮಗುವಿಗೆ ಮೊದಮೊದಲು ತೆಳುವಾದದ್ದೇ ಕೊಡಬೇಕು, ದಪ್ಪದ್ದು ಕೊಟ್ಟರೆ ಕೈ ಬಿಗಿಯುತ್ತದೆ ಎಂದು ವಿವರಿಸಿ, ಅವನ ಅಂಗಿಯ ಜೇಬಿಗೆ ತಾವೇ ಹಾಕಿದರು. ಮೆಟ್ಟಿಲಿಳಿಯುವಾಗ ಪೆಟ್ಟಿಗೆಯ ಒಂದು ಬದಿ ಹಿಡಿದುಕೊಳ್ಳುತ್ತೇನೆ ಎಂದು ಹಟ ಹಿಡಿದರು. ಹೆಂಡತಿಯ ಎದುರಿಗೆ ಆ ಬಿಲ್ಲೆಗಳನ್ನು ಜೇಬಿನಿಂದ ತೆಗೆಯಲಾಗದೆ ಶಾಲೆಗೆ ಹೊತ್ತುಕೊಂಡು ಹೋಗಿ, ಹುಡುಗರ ಶೌಚಾಲಯದ ಪಕ್ಕದ ಕಸದ ಬುಟ್ಟಿಗೆ ಹಾಕಿ ಬಂದಿದ್ದ. ಇಷ್ಟಾದರೂ ಆಗ ಅವನಿಗೆ ತಾನು ಮಾಡುತ್ತಿರುವುದು ಸರಿ ಎಂಬ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಳುವಾದ ತನ್ನ ವಸ್ತುವನ್ನು ನೋಡಲು ಒಂದೆರಡು ಸುಳ್ಳು ಹೇಳಬೇಕಾದರೆ ಅದೇನು ದೊಡ್ಡ ವಿಷಯ ಎಂದುಕೊಂಡಿದ್ದ.

ಕಳುವಾದದ್ದು ಒಂದು ಚಿತ್ರ. ವರ್ಕ್‌ಶಾಪಿನ ದಿನಗಳಲ್ಲಿ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸರ್ಕ್ಯೂಟು. ತಂತಿಯನ್ನು ಜೋರಾಗಿ ಮೀಟಿದರೆ ದನಿ ಒಮ್ಮೆಲೇ ಕಿರುಚಬಾರದು. ಮೊದಲು ಕೊಂಚ ಕುಗ್ಗಿ, ಉಸಿರು ಹಿಡಿದಂತಾಗಿ, ಆಮೇಲೆ ಉಬ್ಬಿ ಬರಬೇಕು. ಅದಕ್ಕಾಗಿ ಎರಡನೆಯ ವಾಲ್ವಿನ ಹಿಂದೆ ಅವನು ಹೆಚ್ಚಿನದೊಂದು ಹಂತ ಸೇರಿಸಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಜೊತೆಗಾರನಿಗೆ ತೋರಿಸಿದ. ಜೊತೆಗಾರ ಬಹಳ ಹೊತ್ತು ನೋಡಿ, ಚೆನ್ನಾಗಿದೆ, ಕಟ್ಟಿ ನೋಡು ಎಂದು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟ. ಅವನು ಕಟ್ಟಿ ನೋಡಲಿಲ್ಲ. ಶಾಲೆಯ ಕೆಲಸ ಸಿಕ್ಕಿತು, ಮದುವೆಯಾಯಿತು, ಮುಂದಿನ ತಿಂಗಳು, ಮುಂದಿನ ರಜೆ ಎನ್ನುತ್ತ ಎರಡು ವರ್ಷ ಕಳೆಯಿತು. ಆಗ ಒಂದು ದಿನ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಊಟಕ್ಕೆ ಹೋಟೆಲಿಗೆ ಹೋದಾಗ, ಹಾಲಿನ ಮೂಲೆಯ ವೇದಿಕೆಯಿಂದ ಆ ದನಿ ಬಂತು. ಕುಗ್ಗಿ, ಉಸಿರು ಹಿಡಿದು, ಉಬ್ಬಿ ಬಂದ ದನಿ. ಕಳೆದುಹೋದ ತನ್ನ ಅಂಗಿ ಇನ್ನೊಬ್ಬನ ಮೈಮೇಲೆ ಕಂಡಹಾಗಾಯಿತು ಅವನಿಗೆ. ಚಮಚ ಕೆಳಗಿಟ್ಟು ಎದ್ದು ವೇದಿಕೆಯ ಹಿಂದೆ ಹೋಗಿ ಬಗ್ಗಿ ನೋಡಿದರೆ ಇದೇ ಪೆಟ್ಟಿಗೆ. ಹಿಂದಿನ ಸಂದಿಯಲ್ಲಿ ಕಪ್ಪಗೆ ಹೊಳೆಯುವ ಅರಗು.

ಕದ್ದ ಎಂದು ಅವನು ಯಾವತ್ತೂ ಹೇಳಲಿಲ್ಲ. ಅದೇ ಅವನ ಜಾಣತನ. ಮೊದಲ ಸಲ ಯಾರೋ ಆ ಆಂಪ್‌ಗಳನ್ನು ಹೊಗಳಿದಾಗ ನಕ್ಕು, "ಅಷ್ಟೊಂದು ಅರಗು ಯಾಕೆ ಹುಯ್ದಿದ್ದಾನೆ ಅಂತ ಅವನನ್ನೇ ಕೇಳಿ" ಎಂದಿದ್ದ, ಅಷ್ಟೆ. ಮುಂದಿನ ಸಲ ಬಿಲ್ಲಿನ ಹಿಂಬದಿಯ ಕತೆ ಸೇರಿತು. ಅದರ ಮುಂದಿನ ಸಲ ಜೊತೆಗಾರ ಕಾಗದವನ್ನು ಬಹಳ ಹೊತ್ತು ನೋಡಿದ ಸಂಗತಿ ಸೇರಿತು, ವಾಪಸು ಕೊಟ್ಟ ಸಂಗತಿ ಬಿಟ್ಟುಹೋಯಿತು. ಪ್ರತಿ ವರ್ಷ ಹೊಸ ತರಗತಿಗೆ ಮೊದಲ ಪಾಠವೇ ಇದಾಯಿತು: ಏನು ಬರೆದರೂ ಕೆಳಗೆ ತಾರೀಖು ಹಾಕಿ ಸಹಿ ಮಾಡಿ, ಇಲ್ಲದಿದ್ದರೆ ನನ್ನ ಹಾಗಾಗುತ್ತೆ. ಹುಡುಗರು ಗಪ್‌ಚಿಪ್ಪಾಗಿ ಕೇಳುತ್ತಿದ್ದರು. ಅನ್ಯಾಯಕ್ಕೊಳಗಾದ ಮನುಷ್ಯನಿಗೆ ಸಿಗುವ ಮರ್ಯಾದೆಯೇ ಬೇರೆ. ಒಂದೇ ಒಂದು ಆಂಪ್ ಕಟ್ಟದೆ ಅವನು ಆ ಲೋಕದಲ್ಲಿ ದೊಡ್ಡವನಾದ. ಹುಡುಗರು ಬೆಳೆದು ಬ್ಯಾಂಡು ಕಟ್ಟಿದರು, ಅಂಗಡಿ ಇಟ್ಟರು. ಜೊತೆಗಾರನ ಶೆಡ್ಡಿಗೆ ಹೋಗುವವರು ಕಡಿಮೆಯಾದರು, ಕೊನೆಗೆ ನಿಂತೇಹೋದರು. ಜೊತೆಗಾರ ಎಲ್ಲಿಯೂ ಒಂದು ಮಾತೂ ಆಡಲಿಲ್ಲ. ಆ ಮೌನವನ್ನೂ ಅವನು ತಪ್ಪೊಪ್ಪಿಗೆ ಎಂದು ಹಿಡಿದು ಜನರಿಗೆ ತೋರಿಸಿದ್ದ.

ಕೆರೆಯುವ ಮೊದಲ ದಿನ ಅವನಿಗೆ ಹಬ್ಬ. ಬಿಸಿಗಾಳಿ ಊದುವ ಯಂತ್ರ, ಹಲ್ಲಿನ ಡಾಕ್ಟರರಿಂದ ಕೇಳಿ ತಂದ ಹಳೆಯ ಕೊಕ್ಕೆ, ಒಂದು ಬ್ರಶ್ಶು. ಅರಗು ಮೆತ್ತಗಾದ ಕಡೆ ಕೊಕ್ಕೆ ಹಾಕಿ ಹೆರೆದರೆ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಸಾಕ್ಷಿಗೆ ಇರಲಿ ಎಂದು ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ಹೋದ. ಎರಡನೆಯ ದಿನ ಕಂಡದ್ದು ಒಂದು ರೆಸಿಸ್ಟರ್ ಅಲ್ಲ, ಒಂದಕ್ಕೊಂದು ಹೊಸೆದ ಮೂರು; ಬೇಕಾದ ಬೆಲೆಯದು ಸಿಗದೆ ಮೂರು ಹಳೆಯದನ್ನು ಸೇರಿಸಿ ಹೊಂದಿಸಿದ್ದು. ಆಮೇಲೆ ಆಸ್ಪತ್ರೆಯ ಯಾವುದೋ ಯಂತ್ರದ ಚೀಟಿ ಇನ್ನೂ ಅಂಟಿಕೊಂಡಿದ್ದ ಕೆಪಾಸಿಟರು. ಟೆಲಿಫೋನಿನ ತಂತಿ. ತಗಡಿಗೆ ತಾಗದಿರಲೆಂದು ಮಾತ್ರೆಯ ಡಬ್ಬಿಯ ರಟ್ಟು ಕತ್ತರಿಸಿ ಇಟ್ಟ ತುಂಡು, ಅದರ ಮೇಲೆ ದಿನಕ್ಕೆರಡು ಸಲ ಊಟದ ನಂತರ ಎಂಬ ಅಕ್ಷರ. ಯಾವುದೂ ಹೊಸದಲ್ಲ, ಎಲ್ಲವೂ ಸತ್ತ ರೇಡಿಯೋಗಳ ಹೊಟ್ಟೆಯಿಂದ ತೆಗೆದದ್ದು, ಕೆಲವು ಅವರಿಬ್ಬರೂ ಕೂತಿದ್ದ ಬೆಂಚಿನ ಮೇಲೆಯೇ ಸತ್ತವು. ಬೆಸುಗೆ ಮಾತ್ರ ಒಂದೊಂದೂ ಅಚ್ಚುಕಟ್ಟು. ಮೂರನೆಯ ದಿನ ಸರ್ಕ್ಯೂಟು ಪೂರ್ತಿ ಬಿಡಿಸಿಕೊಂಡಿತು. ಎರಡನೆಯ ವಾಲ್ವಿನ ಹಿಂದೆ ಏನೂ ಇರಲಿಲ್ಲ. ಇದ್ದದ್ದು ತೀರಾ ಸಾದಾ ಜೋಡಣೆ, ವರ್ಕ್‌ಶಾಪಿಗೆ ಸೇರಿದ ಮೊದಲ ತಿಂಗಳು ಇಬ್ಬರೂ ಒಟ್ಟಿಗೆ ಕಲಿತದ್ದು. ಅವನು ತಲೆಕೆಳಗಾಗಿ, ಅಡ್ಡಡ್ಡವಾಗಿ, ಮತ್ತೆ ಮೊದಲಿನಿಂದ ಬೆರಳಿಟ್ಟು ಎಣಿಸಿದ. ತನ್ನದೆನ್ನುವ ಒಂದು ಗೆರೆಯೂ ಸಿಗಲಿಲ್ಲ. ಹಾಗಾದರೆ ಆ ದನಿ ಎಲ್ಲಿಯದು ಎಂದು ಮೀಟರು ಹಿಡಿದು ನೋಡಿದರೆ, ಯಾವುದೋ ಹಳೆ ರೇಡಿಯೋದ ಬಡಪಾಯಿ ಟ್ರಾನ್ಸ್‌ಫಾರ್ಮರು. ಜೋರಾಗಿ ಬಾರಿಸಿದಾಗ ಹೊರೆ ತಾಳದೆ ಕುಸಿದು, ನಿಧಾನವಾಗಿ ಚೇತರಿಸಿಕೊಳ್ಳುತ್ತಿತ್ತು. ಒಳ್ಳೆಯದು ತರಲು ಗತಿಯಿಲ್ಲದವನು ಇದ್ದದ್ದನ್ನು ಹಾಕಿದ್ದ, ಆ ದನಿ ಅದರಿಂದಲೇ ಹುಟ್ಟಿತ್ತು. ಅರಗು ಯಾಕೆ ಎಂಬುದೂ ಆಗಲೇ ಗೊತ್ತಾಯಿತು. ಇದು ಕದ್ದದ್ದನ್ನು ಮುಚ್ಚಿದ್ದಲ್ಲ, ಕೈಯಲ್ಲಿ ಕಾಸಿಲ್ಲದ್ದನ್ನು ಮುಚ್ಚಿದ್ದು. ಅವನಿಗೆ ಬೇರೊಬ್ಬರ ಮನೆಯ ಸ್ನಾನದ ಕೋಣೆಯ ಬಾಗಿಲು ತಳ್ಳಿಬಿಟ್ಟಷ್ಟು ನಾಚಿಕೆಯಾಯಿತು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಮನಸ್ಸು ಇನ್ನೊಂದು ಹಾದಿ ಹುಡುಕಿತು: ಕದಿಯದಿದ್ದರೇನು, ನನ್ನದು ಇದಕ್ಕಿಂತ ಮೇಲು ಎಂದಾದರೂ ಗೊತ್ತಾಗಲಿ. ಹೊಸ ಟ್ರಾನ್ಸ್‌ಫಾರ್ಮರು, ಹೊಸ ಕೆಪಾಸಿಟರುಗಳು, ಎಲ್ಲ ಒಳ್ಳೆಯ ಮಾಲು ತಂದು, ಇಪ್ಪತ್ತೆರಡು ವರ್ಷದ ಹಿಂದಿನ ತನ್ನ ಆ ಹಂತವನ್ನು ಮೊಟ್ಟಮೊದಲ ಬಾರಿಗೆ ಕಟ್ಟಿ ಅದರೊಳಗೆ ಕೂರಿಸಿದ. ಸುಧಾರಣೆ ಎಂದು ಅದಕ್ಕೊಂದು ಹೆಸರು ಬೇರೆ. ಶಾಲೆಯ ಹಳೆ ಗಿಟಾರು ಸಿಕ್ಕಿಸಿ ಮೀಟಿದ. ಕಿವಿ ಸುಳ್ಳು ಹೇಳುತ್ತಿದೆ ಎಂದುಕೊಂಡು ಗುಂಡಿಗಳನ್ನು ಆ ಕಡೆ ಈ ಕಡೆ ತಿರುಗಿಸಿ ಇನ್ನೊಮ್ಮೆ ಮೀಟಿದ. ಅಡುಗೆಮನೆಯಿಂದ ಹೆಂಡತಿ, "ಮೊದಲನೇ ದಿನ ತಂದಾಗ ಕೇಳಿಸಿದ್ದು ಚೆನ್ನಾಗಿತ್ತಪ್ಪ. ಇದಕ್ಕೆ ಯಾಕೋ ನೆಗಡಿ ಆದ ಹಾಗಿದೆ" ಎಂದಳು. ನಿನಗೇನು ಗೊತ್ತು, ನಿನ್ನ ಕೆಲಸ ನೋಡ್ಕೊ ಎಂದು ಅವನು ಕೂಗಿದ. ಅವಳು ಹೇಳಿದ್ದು ನಿಜವಾಗಿತ್ತು. ಕಳುವಾಯಿತೆಂದು ಇಪ್ಪತ್ತು ವರ್ಷ ಅತ್ತ ಆ ವಸ್ತು ಕಳ್ಳನೂ ಮುಟ್ಟದಂಥದ್ದು. ಕಾಗದದ ಮೇಲಷ್ಟೇ ಅದು ಚೆನ್ನಾಗಿತ್ತು. ಆಮೇಲಿನ ಐದು ದಿನ ಹೊಸದನ್ನೆಲ್ಲ ಕಿತ್ತು, ಫೋಟೋ ನೋಡಿಕೊಂಡು, ಆ ಗುಜರಿಯನ್ನು ಒಂದೊಂದಾಗಿ ಇದ್ದಲ್ಲೇ ಬೆಸೆದ. ಮಾತ್ರೆ ಡಬ್ಬಿಯ ರಟ್ಟನ್ನು ಸಹ. ನಿನ್ನೆ ದನಿ ಹಿಂದಿನ ಹಾಗೆಯೇ ಮರಳಿತು. ಅವನು ಸ್ವಿಚ್ ಆರಿಸಿ ಅಂಟಿನ ಎರಡು ಡಬ್ಬಿಗಳನ್ನು ಮೇಜಿನ ಮೇಲೆ ತೆಗೆದಿಟ್ಟ.

ಬಟ್ಟಲು ಬರಿದಾಯಿತು. ಹನ್ನೊಂದು ಫೋಟೋಗಳಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಆ ಗುಜರಿ ಈಗ ಕಾಣುವುದಿಲ್ಲ. ಗಟ್ಟಿಯಾಗಲು ಎರಡು ಗಂಟೆ ಬೇಕು. ಅಷ್ಟರಲ್ಲಿ ಹೋಗಿಬರುತ್ತೇನೆ ಎಂದು ಹೆಂಡತಿಗೆ ಹೇಳಿ, ಎಲ್ಲಿಗೆ ಎಂದು ಹೇಳದೆ ಹೊರಟ. ಜೊತೆಗಾರನ ಈಗಿನ ಅಂಗಡಿ ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಕೆಳಗಿನ ಜಾಗ. ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ. ಎದುರಿನ ರಸ್ತೆಯಲ್ಲಿ ಅವನು ಎಷ್ಟೋ ಸಲ ಓಡಾಡಿದ್ದಾನೆ, ಆ ಬದಿಗೆ ಮುಖ ತಿರುಗಿಸದೆ. ತಪ್ಪಾಯಿತು ಎನ್ನಬೇಕು. ನಾನು ಅಂದದ್ದೆಲ್ಲ ಸುಳ್ಳು, ಇವತ್ತು ನಾಲ್ಕಕ್ಕೆ ಎಲ್ಲರ ಎದುರಿಗೆ ಹಾಗೆಂದು ಹೇಳುತ್ತೇನೆ ಎನ್ನಬೇಕು. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ.

"ಬಾ," ಎಂದ ಜೊತೆಗಾರ, ಮಿಕ್ಸರಿನ ಹೊಟ್ಟೆಯಿಂದ ತಲೆಯೆತ್ತಿ, ನಿನ್ನೆಯಷ್ಟೇ ನೋಡಿದ್ದವನಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತೆ. ಗೋಡೆಗೆ ಒತ್ತಿಸ್ಕೊಂಡು ಕೂತ್ಕೋ."

ಹದಿನೆಂಟು ವರ್ಷದ ಮೇಲೆ ಇಬ್ಬರ ನಡುವೆ ಹುಟ್ಟಿದ ಮೊದಲ ಮಾತು ಅದು. ಅವನು ಗೋಡೆಗೆ ಒತ್ತಿಸಿಕೊಂಡು ಕೂತ.

"ಹೋಟೆಲಿನೋರು ಫೋನ್ ಮಾಡಿದ್ರು," ಎಂದ ಜೊತೆಗಾರ. "ನೀನು ತಗೊಂಡೆಯಂತೆ. ಮಗಳಿಗೆ ಅಂತ."

"ಹೂಂ."

"ಎಷ್ಟನೇ ಕ್ಲಾಸು?"

"ಹತ್ತು," ಎಂದ ಅವನು.

"ಒಳ್ಳೇದಾಯ್ತು. ಕಲಿಯೋರ ಕೈಗೆ ಹೋಗಬೇಕು ಅಂಥವು." ಜೊತೆಗಾರ ಸ್ಕ್ರೂ ಒಂದನ್ನು ಬಿಗಿಮಾಡಿ, ಮತ್ತೆ ಸಡಿಲಿಸಿ, ಮತ್ತೆ ಬಿಗಿಮಾಡಿದ. "ಬಿಚ್ಚಿದೆಯಾ?"

"ಇಲ್ಲ."

ಜೊತೆಗಾರನ ಕಣ್ಣು ಅವನ ಕೈಮೇಲೆ ಇಳಿಯಿತು. ಅವನೂ ನೋಡಿಕೊಂಡ. ಹತ್ತು ಬೆರಳಿನ ಉಗುರಿನ ಸಂದಿಯಲ್ಲೂ ಕಪ್ಪಗೆ, ಇನ್ನೂ ಹಸಿಯಾಗಿ, ಅರಗು. ಕೈ ಬಚ್ಚಿಡಲು ಜಾಗವಿರಲಿಲ್ಲ, ಬಚ್ಚಿಟ್ಟು ಪ್ರಯೋಜನವೂ ಇರಲಿಲ್ಲ. ಮೇಲಿನ ಮೆಟ್ಟಿಲುಗಳನ್ನು ಯಾರೋ ದಡದಡನೆ ಇಳಿದು ಹೋದರು. ಜೊತೆಗಾರ ಎದ್ದು, ಗೂಡಿನಿಂದ ಒಂದು ಸೀಸೆ, ಒಂದಿಷ್ಟು ಹತ್ತಿ ತಂದು ಅವನ ಮುಂದಿಟ್ಟ.

"ಥಿನ್ನರ್ ಹಾಕಿ ಉಜ್ಜು. ಒಣಗಿದ ಮೇಲೆ ಏನು ಮಾಡಿದ್ರೂ ಹೋಗಲ್ಲ ಅದು."

ಅವನು ಉಜ್ಜತೊಡಗಿದ. ಬಾಯಿಪಾಠ ಮಾಡಿದ್ದ ಮಾತಿನ ಮೊದಲ ಪದವೇ ನೆನಪಿಗೆ ಬರಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಹೇಳಿಬಿಡುತ್ತಿದ್ದನೇನೋ. ಹತ್ತಿ ಕಪ್ಪಗಾದಂತೆಲ್ಲ ಜೊತೆಗಾರ ಬೇರೆ ಹತ್ತಿ ಮುರಿದು ಕೊಡುತ್ತಿದ್ದ.

"ಬಿಚ್ಚಬೇಡ," ಎಂದ ಜೊತೆಗಾರ ಸ್ವಲ್ಪ ಹೊತ್ತಿನ ಮೇಲೆ, ಮಿಕ್ಸರಿಗೆ ಹೇಳಿದ ಹಾಗೆ. "ಬಿಚ್ಚಿದ್ರೂ ಯಾರಿಗೂ ತೋರಿಸಬೇಡ. ಆಗ ನನ್ನ ಹತ್ರ ಏನೂ ಇರ್ಲಿಲ್ಲ ನೋಡು. ತಗೊಳ್ಳೋರು ದೊಡ್ಡ ಮನುಷ್ಯರು, ಒಳಗೆ ಹೊಸ ಸಾಮಾನು ಇದೆ ಅಂದ್ಕೊಂಡಿದ್ರು. ಹುಡುಗರು ನನ್ನ ಬಗ್ಗೆ ಏನೇನೋ ಆಡ್ಕೋತಾರಂತೆ, ಆಡ್ಕೊಳ್ಳಲಿ, ಅಭ್ಯಾಸ ಆಗಿದೆ. ಗುಜರಿ ಹಾಕಿ ಕೊಟ್ಟ ಅಂತ ಮಾತ್ರ ನಗಬಾರದು."

"ಆದ್ರೆ ಅವರು ಆಡ್ಕೊಳ್ಳೋದು..."

"ಗೊತ್ತು ಬಿಡು."

ಇಸ್ತ್ರಿಪೆಟ್ಟಿಗೆ ಹಿಡಿದ ಹೆಂಗಸೊಬ್ಬಳು ಬಂದು ನಿಂತಳು. ಜೊತೆಗಾರ ಅವಳ ಕಡೆ ತಿರುಗಿ, ವೈರು ಎಲ್ಲಿ ಸುಟ್ಟಿದೆ ಎಂದು ಬೆರಳಾಡಿಸಿ ನೋಡುತ್ತ, ಬುಧವಾರ ಬನ್ನಿ ಅಮ್ಮ ಎಂದ. ಅವನು ಎದ್ದ. ಬರುತ್ತೇನೆ ಎಂದನೋ ಇಲ್ಲವೋ ನೆನಪಿಲ್ಲ. ಕೈ ಶುದ್ಧವಾಗಿತ್ತು, ಥಿನ್ನರಿನಿಂದ ಚುರುಚುರು ಎನ್ನುತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಆಟೋದಿಂದ ಪೆಟ್ಟಿಗೆ ಇಳಿಸುತ್ತಿದ್ದಂತೆ ಶಿಷ್ಯ ಓಡಿಬಂದು ಕೈಯಿಂದ ಕಿತ್ತುಕೊಂಡ. ಅಂಗಡಿಯಲ್ಲಿ ಏಳೆಂಟು ಜನ. ಗೋಡೆ ತುಂಬ ಗಿಟಾರುಗಳು, ಗಾಜಿನ ಕಪಾಟಿನಲ್ಲಿ ತಂತಿಯ ಪೊಟ್ಟಣಗಳು. ಎಲ್ಲರೂ ಅವನ ಮೊದಲ ಪಾಠ ಕೇಳಿದವರೇ, ಇಲ್ಲವೇ ಕೇಳಿದವರಿಂದ ಕೇಳಿದವರು. ಇಷ್ಟು ದಿನ ಇಲ್ಲಿಗೆ ಬಂದಾಗಲೆಲ್ಲ ಅವನ ಎದೆ ಒಂದಂಗುಲ ಉಬ್ಬುತ್ತಿತ್ತು. ಶಿಷ್ಯ ತಡಮಾಡದೆ ಸ್ವಿಚ್ ಒತ್ತಿ, ಗಿಟಾರು ಸಿಕ್ಕಿಸಿ, ವಾಲ್ವುಗಳು ಬಿಸಿಯಾದೊಡನೆ ಜೋರಾಗಿ ಒಂದು ಸಲ ಮೀಟಿದ. ದನಿ ಕುಗ್ಗಿತು, ಉಸಿರು ಹಿಡಿಯಿತು, ಉಬ್ಬಿ ಬಂದು ಗಾಜಿನ ಕಪಾಟನ್ನು ಗುಂಯ್ ಎನ್ನಿಸಿತು. ಯಾರೋ ಅಬ್ಬ ಎಂದರು.

"ಕೇಳಿದ್ರೇನ್ರೋ," ಎಂದ ಶಿಷ್ಯ ತಿರುಗಿ. "ಇದು ಮೇಷ್ಟ್ರ ಸೌಂಡು. ಇಪ್ಪತ್ತು ವರ್ಷ ಬೇರೆಯವನ ಹೆಸರಲ್ಲಿ ಓಡಾಡ್ತು."

"ನನ್ನದಲ್ಲ," ಎಂದ ಅವನು. "ಕೆರೆದು ನೋಡಿದೆ. ಒಳಗೆ ನನ್ನದೇನೂ ಇಲ್ಲ."

ಶಿಷ್ಯ ಬಗ್ಗಿ ಹಿಂದಿನ ಸಂದಿಗೆ ಟಾರ್ಚು ಬಿಟ್ಟ. "ಅರಗು ಹಾಗೇ ಇದೆಯಲ್ಲ ಸರ್?"

"ತೆಗೆದು ನೋಡಿ, ಮತ್ತೆ ಹುಯ್ದೆ."

"ಮತ್ತೆ ಹುಯ್ದ್ರಾ? ಯಾಕೆ?"

ಅವನು ಬಾಯಿ ತೆರೆದ. ಯಾಕೆ ಎಂಬುದಕ್ಕೆ ಗುಜರಿ ಎಂಬ ಉತ್ತರ ಒಂದೇ ಇತ್ತು, ಅದನ್ನು ಆಡುವಂತಿರಲಿಲ್ಲ. ಬಾಯಿ ತೆರೆದುಕೊಂಡೇ ಇರುವಾಗ ಶಿಷ್ಯನ ಮುಖ ನಿಧಾನವಾಗಿ ಬದಲಾಯಿತು. ಅಚ್ಚರಿ ಹೋಗಿ ಕಣ್ಣಿನಲ್ಲಿ ಒಂದು ಬಗೆಯ ಪ್ರೀತಿ ಬಂತು.

"ಅರ್ಥ ಆಯ್ತು ಸರ್," ಎಂದ ಶಿಷ್ಯ ತಗ್ಗಿದ ದನಿಯಲ್ಲಿ. ಆಮೇಲೆ ಉಳಿದವರ ಕಡೆ ತಿರುಗಿ, "ನೋಡಿ, ಇದಕ್ಕೇ ಮೇಷ್ಟ್ರು ಅನ್ನೋದು. ಸಾಕ್ಷಿ ಕೈಗೆ ಸಿಕ್ತು, ಆದ್ರೂ ಮುಚ್ಚಿ ತಂದಿದ್ದಾರೆ. ವಯಸ್ಸಾದ ಮನುಷ್ಯ, ಮಿಕ್ಸರ್ ರಿಪೇರಿ ಮಾಡ್ಕೊಂಡಿದ್ದಾನೆ, ಅವನ ಮಾನ ಯಾಕೆ ತೆಗೀಬೇಕು ಅಂತ."

"ಹಾಗಲ್ಲಪ್ಪ. ಅವನು ಕದ್ದಿಲ್ಲ. ನಿಜವಾಗ್ಲೂ ಕದ್ದಿಲ್ಲ."

"ಆಯ್ತು ಸರ್, ಕದ್ದಿಲ್ಲ," ಎಂದ ಶಿಷ್ಯ, ಮಗುವಿನ ಹಟಕ್ಕೆ ಒಪ್ಪುವವನಂತೆ ನಗುತ್ತ. "ಇನ್ನು ಮೇಲೆ ಈ ಅಂಗಡಿಯಲ್ಲಿ ಯಾರೂ ಆ ಮಾತು ಎತ್ತಲ್ಲ. ನೀವೇ ಕ್ಷಮಿಸಿದ ಮೇಲೆ ನಮ್ಮದೇನು."

ಹಿಂದೆ ನಿಂತಿದ್ದ ಗಡ್ಡದವನೊಬ್ಬ, ಇವತ್ತೇ ಮೊದಲು ನೋಡಿದವನು, ಮುಂದೆ ಬಂದ. ಅವನ ಮುಖದಲ್ಲಿ ಭಕ್ತಿ ಇರಲಿಲ್ಲ, ತಿಳಿಯಬೇಕೆಂಬ ಆಸೆ ಇತ್ತು. "ಸರ್, ಕೆರೆದಾಗ ಫೋಟೋ ತೆಗೆದಿರ್ತೀರಲ್ಲ? ತೋರಿಸಿದ್ರೆ ಗೊತ್ತಾಗುತ್ತೆ, ಕದ್ದಿದ್ದಾರೋ ಇಲ್ವೋ ಅಂತ."

ಮೊಬೈಲು ಅಂಗಿಯ ಜೇಬಿನಲ್ಲಿತ್ತು. ತೋರಿಸಿದರೆ ಜೊತೆಗಾರ ಕಳ್ಳನಲ್ಲ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಅದರ ಮುಂದಿನ ನಿಮಿಷವೇ ಮಾತ್ರೆ ಡಬ್ಬಿಯ ರಟ್ಟು ನೋಡಿ ಇವರು ನಗುತ್ತಾರೆ. ತೋರಿಸಬೇಡ ಎಂದು ಜೊತೆಗಾರನೇ ಹೇಳಿದ್ದಾನಲ್ಲ ಎಂದಿತು ಮನಸ್ಸು, ಎಷ್ಟು ಸಲೀಸಾಗಿ ಎಂದಿತೆಂದರೆ ಅವನಿಗೇ ಹೇಸಿಗೆಯಾಯಿತು. ಯಾಕೆಂದರೆ, ಇಪ್ಪತ್ತು ವರ್ಷ ನಿಮಗೆ ಸುಳ್ಳು ಹೇಳಿದವನು ನಾನು ಎನ್ನಲು ಫೋಟೋ ಬೇಕಾಗಿರಲಿಲ್ಲ. ಬಾಯಿ ಸಾಕಿತ್ತು. ಆ ಮಾತಿನಿಂದ ಜೊತೆಗಾರನಿಗೆ ಒಂದು ಕೂದಲಿನಷ್ಟೂ ಅವಮಾನವಾಗುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಗಡ್ಡದವನು ಒಬ್ಬನೇ ನಂಬುವುದಕ್ಕೆ ತಯಾರಾಗಿ ನಿಂತಿದ್ದ.

"ಇಲ್ಲ," ಎಂದ ಅವನು. "ಫೋಟೋ ತೆಗೀಲಿಲ್ಲ."

ಗಡ್ಡದವನು ತಲೆಯಾಡಿಸಿ ಹಿಂದೆ ಸರಿದ. ಶಿಷ್ಯ ಮತ್ತೆ ಗಿಟಾರು ಎತ್ತಿಕೊಂಡ. ಒಬ್ಬ ಹುಡುಗಿ ಒಳಗಿನಿಂದ ಕೈಯಿರುವ ಕುರ್ಚಿ ತಂದು, ತನ್ನ ದುಪಟ್ಟಾದಿಂದಲೇ ಧೂಳು ಒರೆಸಿ, "ಎಷ್ಟೊತ್ತು ನಿಂತಿದ್ದೀರಾ ಸರ್, ಕೂತ್ಕೊಳ್ಳಿ" ಎಂದಳು. ಅವಳ ದನಿಯಲ್ಲಿದ್ದ ಗೌರವ ಹಿಂದೆ ಯಾವತ್ತೂ ಇರದಷ್ಟು ದೊಡ್ಡದು. ಅದು ಮೈಗೆ ಬೆಚ್ಚಗೆ ಹತ್ತಿತು, ಹಿತವಾಯಿತು. ಹಿತವಾಗುತ್ತಿದೆ ಎಂದು ಗೊತ್ತಾಗಿ ಕಿವಿಯ ತನಕ ಮುಖ ಕೆಂಪಾಯಿತು. ಅದನ್ನೂ ಅವರು ದೊಡ್ಡವರ ಸಂಕೋಚ ಎಂದುಕೊಂಡರು. ಅವನು ಕುರ್ಚಿಯ ಕೈ ಹಿಡಿದುಕೊಂಡು ಕೂತ.